ಬದುಕಿದ್ದವರಿಗೆ ಇಟ್ಟ ಎಲೆ

ನನ್ನ ಅಪ್ಪ ಸಮುದ್ರದಲ್ಲಿ ಮುಳುಗಿ ಸಾಯಲಿಲ್ಲ. ಅವರು ತಮ್ಮ ಮನೆಗೆ ಹೋದರು, ಮದುವೆಯಾದರು, ಹಲ್ಲೆಲ್ಲ ಉದುರುವವರೆಗೆ ಬದುಕಿ ಹಾಸಿಗೆಯಲ್ಲಿ ಸತ್ತರು. ನಡೆದದ್ದು ಇಷ್ಟೇ. ಇಷ್ಟು ತಿಳಿಯಲು ನಾನು ಕಾಪುವಿನಿಂದ ಇಂಗ್ಲೆಂಡಿಗೆ ಹೋಗಬೇಕಾಯಿತು. ಹೋಗದಿದ್ದರೂ ಆಗುತ್ತಿತ್ತು ಎಂದು ಈಗ ನಮ್ಮ ಕೇರಿಯವರು ಹೇಳುತ್ತಾರೆ. ಅವರಿಗೆ ಹೇಳುವುದು ಸುಲಭ. ವರ್ಷ ವರ್ಷ ಎಲೆ ಹಾಕಿ ಬಡಿಸಿದವಳು ನಾನು.

ನಮ್ಮ ಸಮಾಜದ ಪತ್ರಿಕೆಯವರು, ವಿಲಾಯತಿಗೆ ಹೋಗಿ ಬಂದಿರಲ್ಲ, ಬರೆದು ಕೊಡಿ ಎಂದರು. ನಾನು ಕಲಿತದ್ದು ಎರಡನೆಯ ಕ್ಲಾಸು. ಓದಲು ಬರುತ್ತದೆ, ಬರೆಯಲು ನಿಧಾನ. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಕನ್ನಡ ಮಾಡಿದ್ದೇನೆ. ರಾಣಿಯ ಅರಮನೆ, ದೊಡ್ಡ ಗಡಿಯಾರ, ಸೇತುವೆ ಯಾವುದೂ ಇದರಲ್ಲಿ ಇಲ್ಲ. ಅವು ಕ್ಯಾಲೆಂಡರಿನಲ್ಲಿ ಇರುತ್ತವೆ, ನೋಡಿಕೊಳ್ಳಬಹುದು.

ಕಾಪು

ಕಾಪುವಿನ ಬಂಡೆಯ ಮೇಲೆ ದೀಪಸ್ತಂಭ ಕಟ್ಟುವಾಗ ಕೆಲಸ ನೋಡಲು ಬಂದ ಬಿಳಿಯರಲ್ಲಿ ಒಬ್ಬರು ನನ್ನ ಅಪ್ಪ. ಹೆಸರು ಆರ್ಥರ್ ಬ್ರಿಮ್ಲಿ. ಕೇರಿಯವರು ದೀಪದ ದೊರೆ ಎನ್ನುತ್ತಿದ್ದರು. ನನ್ನ ಅಮ್ಮ ಅಕ್ಕು ಅಲ್ಲಿ ಮರಳು ಹೊರಲು ಹೋಗುತ್ತಿದ್ದಳು. ಮದುವೆ ಆಗಿತ್ತಾ ಎಂದು ಕೇಳುವವರು ಈಗಲೂ ಇದ್ದಾರೆ. ದೊರೆ ಸೀರೆ ಕೊಟ್ಟರು, ನನ್ನ ಸೋದರಮಾವ ನಾಲ್ಕು ಜನರಿಗೆ ಊಟ ಹಾಕಿದರು. ನಮ್ಮಲ್ಲಿ ಅಷ್ಟು ಸಾಕಿತ್ತು. ನಾನು ಅಮ್ಮನ ಹೊಟ್ಟೆಯಲ್ಲಿರುವಾಗ ದೊರೆ, ಮಳೆಗಾಲ ಕಳೆದು ಬರುತ್ತೇನೆ ಎಂದು ಹೇಳಿ ಹೋದರು. ಆ ವರ್ಷ ಮಲ್ಪೆಯ ಹೊರಗೆ ಒಂದು ಮಂಜಿ, ಅಂದರೆ ದೊಡ್ಡ ಹಾಯಿ ಹಡಗು, ಮುಳುಗಿತು. ಮಳೆಗಾಲ ಕಳೆಯಿತು, ದೊರೆ ಬರಲಿಲ್ಲ. ಅವರು ಅದರಲ್ಲೇ ಇದ್ದರು ಎಂದು ಸೋದರಮಾವ ತೀರ್ಮಾನ ಮಾಡಿದರು. ನಂಬಿ ಹೇಳಿದರೋ, ಅಕ್ಕ ಬಾಗಿಲಲ್ಲಿ ಕೂತು ಕಾಯುವುದನ್ನು ನೋಡಲಾರದೆ ಹೇಳಿದರೋ, ಕೇಳೋಣ ಎಂದರೆ ಅವರೂ ಈಗ ಇಲ್ಲ.

ನಮ್ಮದು ಅಳಿಯಕಟ್ಟು. ಮಕ್ಕಳು ತಾಯಿಯ ಮನೆಗೆ ಸೇರಿದವರು. ಅಪ್ಪ ಎಂದರೆ ಬಂದು ಹೋಗುವವರು. ಅವರ ಮನೆ ಎಂದರೆ ಅವರ ಅಕ್ಕತಂಗಿಯರ ಮನೆ. ಆದ್ದರಿಂದ ಬಿಳಿಯನ ಮಗಳು ಎಂದು ನನ್ನನ್ನು ಯಾರೂ ಹೊರಗೆ ಹಾಕಲಿಲ್ಲ. ಅಕ್ಕುವಿನ ಮಗಳು ಸೀತು, ಮುಗಿಯಿತು. ಬೆಕ್ಕಿನ ಕಣ್ಣಿನವಳು ಎಂದು ತಮಾಷೆ ಮಾಡುತ್ತಿದ್ದರು. ತಲೆಯ ಮೇಲೆ ಮೀನಿನ ಬುಟ್ಟಿ ಬಂದ ಮೇಲೆ ಆ ತಮಾಷೆಯೂ ನಿಂತಿತು. ಬುಟ್ಟಿಯ ನೀರು ಇಳಿಯುವಾಗ ಎಲ್ಲರ ಬಣ್ಣ ಒಂದೇ.

ಸತ್ತ ಮೇಲೂ ಕಟ್ಟು ಹಾಗೆಯೇ. ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಮಳೆಯಲ್ಲಿ, ನಾವು ಮನೆಯ ಸತ್ತವರಿಗೆ ಬಡಿಸುತ್ತೇವೆ. ಒಳಗಿನ ಕೋಣೆಯಲ್ಲಿ ಹೆಸರಿಗೊಂದು ಎಲೆ. ಅನ್ನ, ಕೋಳಿ, ಮೀನು, ಅವರವರಿಗೆ ಇಷ್ಟವಾದದ್ದು. ಬಾಗಿಲು ಹಾಕಿ ಹೊರಗೆ ಕೂರಬೇಕು. ಸ್ವಲ್ಪ ಹೊತ್ತು ಬಿಟ್ಟು, ಒಳಗಿನವರಿಗೆ ತಿಳಿಯಲಿ ಎಂದು ಕೆಮ್ಮಿ, ಬಾಗಿಲು ತೆಗೆಯಬೇಕು. ಗಂಡಸಿಗೆ ಎಲೆ ಹಾಕಬೇಕಾದ್ದು ಅವನ ಅಕ್ಕತಂಗಿಯರ ಮನೆಯಲ್ಲಿ. ಹೆಂಡತಿಯ ಮನೆಯಲ್ಲಿ ಅವನ ಎಲೆಗೆ ಜಾಗ ಇಲ್ಲ. ಆದರೂ ಅಮ್ಮ ದೊರೆಗೆ ಒಂದು ಎಲೆ ಹಾಕುತ್ತಿದ್ದಳು, ಸಾಲಿನಲ್ಲಿ ಅಲ್ಲ, ಸ್ವಲ್ಪ ದೂರ, ಗೋಡೆಯ ಮೂಲೆಯಲ್ಲಿ.

"ಹೊರಗಿನವನಿಗೆ ಒಳಗೆ ಎಂತ ಎಲೆ?" ಎಂದು ಸೋದರಮಾವ ಪ್ರತಿ ವರ್ಷ ಕೇಳುತ್ತಿದ್ದರು.

"ಅವರಿಗೆ ಈ ಸೀಮೆಯಲ್ಲಿ ಬೇರೆ ಯಾರುಂಟು? ಹಸಿದು ಅಲೆಯಬೇಕಾ?" ಎಂದು ಅಮ್ಮ ಪ್ರತಿ ವರ್ಷ ಹೇಳುತ್ತಿದ್ದಳು.

ಅಮ್ಮ ಬೇರೆ ಗಂಡ ಮಾಡಿಕೊಳ್ಳಲಿಲ್ಲ. ಮಾಡಿಕೊಳ್ಳಬಹುದಿತ್ತು, ನಮ್ಮಲ್ಲಿ ಅಡ್ಡಿ ಇಲ್ಲ. ದೊಡ್ಡ ಯುದ್ಧದ ಕಾಲದಲ್ಲಿ, ಅಕ್ಕಿ ಸಿಗದ ದಿನಗಳಲ್ಲಿ, ಅವಳು ತೀರಿಹೋದಳು. ಹೋಗುವ ಮೊದಲು ನನಗೆ ಒಂದು ಕೆಲಸ ಹೇಳಿದಳು. "ಅವರ ಮನೆಯವರು ಯಾರಾದರೂ ಸಿಕ್ಕಿದರೆ ಅವರ ಎಲೆಯನ್ನು ಒಪ್ಪಿಸಿಬಿಡು ಮಗಾ. ಪರರ ಮನೆಯ ಮೂಲೆಯಲ್ಲಿ ಎಷ್ಟು ಕಾಲ ಉಣ್ಣುವುದು?" ಅಲ್ಲಿಂದ ಆ ಎಲೆ ನನ್ನ ಕೈಗೆ ಬಂತು.

ಹಡಗು

ನನ್ನ ಕಿರಿಯ ಮಗಳು ವಾರಿಜ ಇಂಗ್ಲೆಂಡಿನಲ್ಲಿ ನರ್ಸು. ಅವಳ ಗಂಡ ಆನಂದ ಡಾಕ್ಟರು, ಮಣಿಪಾಲದ ಗುಡ್ಡೆಯಲ್ಲಿ ಕಲಿತವನು. ಅವಳಿಗೆ ಹೆರಿಗೆ ಎಂದು ನನ್ನನ್ನು ಕರೆಸಿದರು. ಬೊಂಬಾಯಿಯಿಂದ ಹಡಗು. ಸಮುದ್ರದ ಬದಿಯಲ್ಲೇ ಹುಟ್ಟಿದ ನನಗೆ ಹಡಗಿನಲ್ಲಿ ವಾಂತಿ ಆಗುವುದಿಲ್ಲ ಎಂದುಕೊಂಡಿದ್ದೆ. ಆಯಿತು. ಸಮುದ್ರ ನೋಡುವುದು ಬೇರೆ, ಅದರ ಮೇಲೆ ಮಲಗುವುದು ಬೇರೆ.

ನನ್ನ ಕೋಣೆಯಲ್ಲಿ ಶಿರ್ವದ ಸೆವ್ರಿನ್ ಬಾಯಿ ಇದ್ದಳು. ಕೊಂಕಣಿಯವಳು, ತುಳು ಚೆನ್ನಾಗಿ ಬರುತ್ತಿತ್ತು. ಮಗನ ಹತ್ತಿರ ಹೋಗುವವಳು. ಅವಳ ಕೈಯಲ್ಲಿ ಜಪಮಾಲೆ, ನನ್ನ ಕೈಯಲ್ಲಿ ಉಪ್ಪಿನಕಾಯಿಯ ಭರಣಿ. ನನ್ನ ಎಲೆಯ ವಿಷಯ ಅವಳಿಗೆ ಹೇಳಿದೆ.

"ನಾವು ಸತ್ತವರಿಗೆ ಪೂಜೆ ಹೇಳಿಸುತ್ತೇವೆ. ಊಟ ಹಾಕುವುದಿಲ್ಲ" ಎಂದಳು.

"ಅವರಿಗೆ ಹಸಿವೆ ಆಗುವುದಿಲ್ಲವಾ?"

"ಸ್ವರ್ಗದಲ್ಲಿ ಎಂತ ಹಸಿವೆ ಮಾರಾಯ್ತಿ."

"ಸ್ವರ್ಗಕ್ಕೆ ಹೋಗದವರಿಗೆ?"

ಅವಳು ಜಪಮಾಲೆಯ ಒಂದು ಮಣಿ ಸರಿಸಿದಳು. "ಅವರಿಗೆ ಬೇರೆ ತೊಂದರೆ ಉಂಟು. ಊಟದ ನೆನಪು ಇರಲಿಕ್ಕಿಲ್ಲ."

ಅಷ್ಟು ದಿನ ಒಟ್ಟಿಗೆ ಇದ್ದೆವು. ಅವಳ ತಲೆನೋವಿಗೆ ನಾನು ಹಣೆ ಒತ್ತಿದೆ, ನನ್ನ ಸೀರೆಯನ್ನು ಅವಳು ಒಗೆದಳು. ಹಡಗು ನಿಂತಾಗ ಕೋಟು ಹಾಕಿದ ಮಗ ಬಂದು ಅವಳ ಕೈ ಹಿಡಿದ. ಜನರ ನಡುವೆ ಅವಳ ಬಿಳಿ ತಲೆವಸ್ತ್ರ ಸ್ವಲ್ಪ ದೂರ ಕಂಡಿತು, ಆಮೇಲೆ ಕಾಣಲಿಲ್ಲ. ಅವಳು ತಿರುಗಿ ನೋಡಲಿಲ್ಲ. ತಪ್ಪಲ್ಲ, ಮಗನನ್ನು ನೋಡುತ್ತಿದ್ದಳು. ನಮ್ಮ ಮನೆಯವರನ್ನು ಬಿಟ್ಟು ತುಳು ಬರುವ ಬೇರೊಬ್ಬಳನ್ನು ನಾನು ಆ ದೇಶದಲ್ಲಿ ಮತ್ತೆ ನೋಡಲಿಲ್ಲ.

ಮಗಳ ಮನೆ

ನನ್ನನ್ನು ಕರೆಸಿದ್ದು ಬಾಣಂತನಕ್ಕೆ. ಅಲ್ಲಿ ಬಾಣಂತನವೇ ಇಲ್ಲ. ಹೆತ್ತವಳು ಎದ್ದು ನಡೆದಾಡಬೇಕಂತೆ, ಕಿಟಕಿ ತೆರೆದಿಡಬೇಕಂತೆ, ಮಗುವಿಗೆ ಬಿಸಿನೀರು ಜಾಸ್ತಿ ಹೊಯ್ಯಬಾರದಂತೆ. ಟೋಪಿ ಹಾಕಿದ ಒಬ್ಬ ನರ್ಸಮ್ಮ ಸೈಕಲ್ಲಿನಲ್ಲಿ ಬಂದು ಹೇಳಿ ಹೋದಳು. ವಾರಿಜ ಅವಳ ಮಾತು ಕೇಳಿದಳು, ನನ್ನ ಮಾತು ಕೇಳಲಿಲ್ಲ. ಊರಿನಿಂದ ಹೊತ್ತು ತಂದ ತೆಂಗಿನೆಣ್ಣೆ ಡಬ್ಬಿಯಲ್ಲಿ ಕಲ್ಲಾಯಿತು. ಚಮಚದಲ್ಲಿ ಅಗೆದು ತೆಗೆಯಬೇಕು.

ಹಗಲು ಆನಂದ ಆಸ್ಪತ್ರೆಯಲ್ಲಿ. ತಾಯಿ ಮಗು ಮೇಲಿನ ಕೋಣೆಯಲ್ಲಿ ನಿದ್ದೆ. ನಾನು ಕಿಟಕಿಯ ಹತ್ತಿರ ಕೂರುತ್ತಿದ್ದೆ. ಆ ಬೀದಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಜನ ಮಾತ್ರ ಅಂಟುವುದಿಲ್ಲ. ಬಾಗಿಲಲ್ಲಿಟ್ಟ ಹಾಲಿನ ಬಾಟ್ಲಿ ಕಾಣೆಯಾದರೆ ಒಳಗೆ ಯಾರೋ ಇದ್ದಾರೆ ಎಂದು ತಿಳಿಯಬೇಕು. ಪಕ್ಕದ ಮನೆಯ ಮುದುಕಿ ಬೇಲಿಯ ಆಚೆಯಿಂದ ಆಕಾಶ ತೋರಿಸಿ ಏನೋ ಹೇಳುತ್ತಿದ್ದಳು, ನಾನು ತಲೆಯಾಡಿಸುತ್ತಿದ್ದೆ. ಅವಳು ಒಳಗೆ ಹೋಗುತ್ತಿದ್ದಳು. ನಮ್ಮೂರಿನಲ್ಲಿ ಬುಟ್ಟಿ ಹೊತ್ತು ಒಂದು ಸುತ್ತು ಹೋದರೆ ಯಾರ ಮಗಳು ಮುನಿಸಿಕೊಂಡು ಬಂದಳು, ಯಾರ ದನ ಕರು ಹಾಕಿತು, ಎಲ್ಲ ಗೊತ್ತಾಗುತ್ತಿತ್ತು. ಅಲ್ಲಿ ತಿಂಗಳು ಕೂತರೂ ಪಕ್ಕದ ಮುದುಕಿಗೆ ಗಂಡ ಇದ್ದಾನೋ ಇಲ್ಲವೋ ಎಂಬುದೇ ಗೊತ್ತಾಗಲಿಲ್ಲ.

ಒಂದು ದಿನ ಮಧ್ಯಾಹ್ನ ಅಡಿಗೆಮನೆಯಲ್ಲಿ ನಿಂತು, ಮೀನು ಮಾರುವಾಗಿನ ಹಾಗೆ, ಬಂಗುಡೆ ಬಂಗುಡೆ ಎಂದು ಕೂಗಿ ನೋಡಿದೆ. ಸ್ವರ ಇನ್ನೂ ಉಂಟಾ ಎಂದು ನೋಡಲು. ವಾರಿಜ ಮೆಟ್ಟಿಲು ಇಳಿದು ಓಡಿ ಬಂದಳು.

"ಅಮ್ಮಾ, ಎಂತಾಯಿತು?"

"ಬಂಗುಡೆಗೆ ರೇಟು ಏರಿತು."

ಅವಳು ನಗಲಿಲ್ಲ. ಗಂಡ ಬಂದ ಮೇಲೆ ಅವನಲ್ಲಿ ಮೆಲ್ಲಗೆ ಏನೋ ಹೇಳಿದಳು. ಇಬ್ಬರೂ ನನ್ನನ್ನು ನೋಡಿದರು. ಆಗ ನಾನು ಹೇಳಿದೆ, "ನನಗೆ ಹುಚ್ಚು ಹಿಡಿಯಲಿಲ್ಲ. ನನಗೆ ಇಲ್ಲಿ ಒಂದು ಕೆಲಸ ಉಂಟು. ಅದನ್ನು ಮಾಡಿಸಿ ಕಳಿಸಿ."

ಅಪ್ಪ ಬಿಟ್ಟು ಹೋದ ತಗಡಿನ ಪೆಟ್ಟಿಗೆ ನಮ್ಮ ಮನೆಯಲ್ಲಿ ಈಗಲೂ ಉಂಟು, ಹುಣಸೆಹುಳಿ ಇಡುತ್ತೇವೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ಊರು. ಊರಿನ ಮೊದಲ ಅರ್ಧ ತುಕ್ಕು ತಿಂದಿತ್ತು, ಕೊನೆಯಲ್ಲಿ ಕೂಮ್ ಎಂದು, ಅದರ ಕೆಳಗೆ ಸೀಮೆಯ ಹೆಸರು ಉಳಿದಿತ್ತು. ವಾರಿಜ ಇಂಗ್ಲಿಷ್ ಕಲಿತಾಗ ಮೊದಲು ಓದಿದ್ದೇ ಅದನ್ನು. ಆನಂದ ನಕಾಶೆ ನೋಡಿ, ಆ ಸೀಮೆಯಲ್ಲಿ ಓವರ್‌ಕೂಮ್ ಎಂಬ ಊರು ಉಂಟು ಎಂದ.

"ಆದರೆ ಅತ್ತೆ, ಅವರು ಸತ್ತು ಎಷ್ಟೋ ಕಾಲ ಆಯಿತಲ್ಲ. ಇನ್ನು ಎಂತಕ್ಕೆ?"

"ಸತ್ತದ್ದಕ್ಕೇ ಹೋಗುವುದು. ಬದುಕಿದ್ದರೆ ಅವರೇ ಬರುತ್ತಿದ್ದರು."

ಆನಂದನ ತಂದೆಗೆ ಕಾರ್ಕಳದಲ್ಲಿ ಒಣಮೀನಿನ ಅಂಗಡಿ. ನಾನು ಅಲ್ಲಿಗೆ ಮೀನು ಹಾಕುತ್ತಿದ್ದ ಕಾಲದಿಂದ ಇವನನ್ನು ನೋಡಿದವಳು. ಅಳಿಯನಾದರೂ ನೀನು ಎಂದೇ ಕರೆಯುವುದು. ನನಗೆ ಇಲ್ಲ ಎನ್ನಲು ಅವನಿಗೆ ಆಗುವುದಿಲ್ಲ. ರಜೆ ಹಾಕಿದ.

ಓವರ್‌ಕೂಮ್

ರೈಲು, ಆಮೇಲೆ ಬಸ್ಸು. ಹಸಿರು ನಮ್ಮಲ್ಲಿಯ ಹಾಗೆಯೇ, ಆದರೆ ಯಾರೋ ಕತ್ತರಿ ಹಿಡಿದು ಸಮ ಮಾಡಿದ ಹಸಿರು. ಗದ್ದೆಗೆ ಅಂಚು ಇಲ್ಲ, ಗಿಡದ ಬೇಲಿ. ದನ ಉಂಟು, ಮೇಯಿಸುವವರು ಇಲ್ಲ. ಅರ್ಧ ದಾರಿ ಕಳೆದ ಮೇಲೆ ನಾನು ಆನಂದನಿಗೆ ಕೇಳಿದೆ, "ಸಮುದ್ರ ಯಾವ ಕಡೆ?"

"ಇಲ್ಲಿ ಹತ್ತಿರ ಎಲ್ಲೂ ಸಮುದ್ರ ಇಲ್ಲ ಅತ್ತೆ."

ಸಮುದ್ರವೇ ಇಲ್ಲದ ಊರಿನವನು ಬಂದು ನಮ್ಮ ದೋಣಿಗಳಿಗೆ ದಾರಿ ತೋರಿಸುವ ದೀಪ ಹಚ್ಚಿದ್ದಾನೆ. ನನಗೆ ನಗು ಬಂತು. ನಗುವಾಗ ಬಸ್ಸಿನಲ್ಲಿದ್ದವರೆಲ್ಲ ಬೇಕೆಂದೇ ಹೊರಗೆ ನೋಡಿದರು. ಅಲ್ಲಿಯವರು ಪರರ ನಗುವನ್ನೂ ಪರರ ವಸ್ತು ಎಂದು ತಿಳಿಯುತ್ತಾರೆ, ಮುಟ್ಟುವುದಿಲ್ಲ.

ಓವರ್‌ಕೂಮಿನ ಪಾದ್ರಿ ಒಳ್ಳೆಯವರು. ಮದುವೆಯಾದ ಪಾದ್ರಿ, ಹೆಂಡತಿ ಚಾ ಕೊಟ್ಟಳು. ನನ್ನ ಚಪ್ಪಲಿಗೆ ಕೆಸರು ಹತ್ತಿತ್ತು, ಹೊರಗೆ ಬಿಟ್ಟು ಬರಿಗಾಲಲ್ಲಿ ಒಳಗೆ ಹೋದೆ. ಅವರು ಬೂಟು ಹಾಕಿಯೇ ಜಮಖಾನದ ಮೇಲೆ ನಿಂತಿದ್ದರು. ನನ್ನ ಕಾಲು ನೋಡಿ ಆ ಹೆಂಗಸು ಗಾಬರಿಯಾಗಿ ಉಣ್ಣೆಯ ಕಾಲುಚೀಲ ತಂದಳು. ಅದನ್ನು ಹಾಕಿಕೊಂಡು ಕೂತೆ.

ಪಾದ್ರಿ ಬ್ರಿಮ್ಲಿ ಎಂಬ ಹೆಸರು ಹಿಡಿದು ಹುಡುಕಿದರು. ಹಳಬರನ್ನು ವಿಚಾರಿಸಿದರು, ಗೋರಿಗಳ ಸಾಲಿನಲ್ಲಿ ಸುತ್ತಾಡಿಸಿದರು. ಆ ಹೆಸರಿನವರು ಊರಲ್ಲಿ ಯಾರೂ ಇರಲಿಲ್ಲ. ಇನ್ನೇನು ಹೊರಡುವುದು ಎಂದು ಆನಂದ ಎದ್ದ.

"ಅಪ್ಪನ ಹೆಸರು ಹಿಡಿದು ಹುಡುಕಿದರೆ ಯಾರು ಸಿಗುತ್ತಾರೆ? ತಮ್ಮನೋ ಅಣ್ಣನೋ ಇಂಡಿಯಾಕ್ಕೆ ದೀಪ ಕಟ್ಟಲು ಹೋಗಿದ್ದ ಹೆಂಗಸು ಯಾರಾದರೂ ಇದ್ದಳಾ ಎಂದು ಕೇಳು" ಎಂದೆ.

"ಹಾಗೆ ಯಾರೂ ಕೇಳುವುದಿಲ್ಲ ಅತ್ತೆ."

"ನಾನು ಕೇಳುತ್ತೇನೆ. ನೀನು ಬರೇ ಹೇಳು."

ಅವನು ಹೇಳಿದ. ಪಾದ್ರಿಯ ಹೆಂಡತಿ ಚಾದ ಪಾತ್ರೆ ಕೆಳಗಿಟ್ಟಳು. ಗುಡ್ಡೆಯ ಕೆಳಗೆ ನೆದರ್‌ಕೂಮ್ ಎಂದು ಇನ್ನೊಂದು ಊರು ಉಂಟಂತೆ. ಅಲ್ಲಿ ಇಗರ್ಜಿಯ ಪಕ್ಕದಲ್ಲಿ ಮಿಸ್ ಎಲೆನ್ ಎಂಬ ಮುದುಕಿ. ಅವಳ ತಾಯಿ ಬದುಕಿದ್ದಾಗ, ನನ್ನ ಅಣ್ಣ ಇಂಡಿಯಾದ ಸಮುದ್ರಕ್ಕೆ ದೀಪ ಇಟ್ಟವನು ಎಂದು ಹೇಳುತ್ತಿದ್ದಳಂತೆ. ಆ ತಾಯಿಗೆ ಮದುವೆಯಾಗಿ ಹೆಸರು ಬೇರೆಯಾಗಿತ್ತು. ಅದಕ್ಕೇ, ಆ ಸೀಮೆಗೆ ಹೊಸಬರಾದ ಪಾದ್ರಿಗೆ ಹೊಳೆಯಲಿಲ್ಲ.

ತಂಗಿಯ ಮಗಳು. ನಮ್ಮ ಲೆಕ್ಕದಲ್ಲಿ ಅವಳೇ ವಾರಸುದಾರಳು. ಎಲೆ ಒಪ್ಪಿಸಬೇಕಾದದ್ದು ಅವಳಿಗೇ. ಅಮ್ಮ ಹೇಳಿದ ಕೆಲಸ ಆ ಹೊತ್ತಿಗೆ ಮುಗಿಯಿತು ಎಂದೇ ನಾನು ತಿಳಿದೆ.

ನೆದರ್‌ಕೂಮ್

ಕೆಳಗೆ ಇಳಿದು ಹೋದೆವು. ಮಿಸ್ ಎಲೆನ್ ಮನೆಗೆ ದಾರಿ ಗೋರಿಗಳ ನಡುವೆಯೇ. ಆನಂದ ಕಲ್ಲುಗಳನ್ನು ಓದುತ್ತ ಮುಂದೆ ಹೋಗುತ್ತಿದ್ದ. ಒಂದು ಕಡೆ ನಿಂತ.

"ಅತ್ತೆ, ಇಲ್ಲಿ ಉಂಟು."

"ಎಂತ ಉಂಟು? ಅವರು ಮುಳುಗಿದವರು. ಹೆಣ ಸಿಗಲಿಲ್ಲ. ಬರೇ ಹೆಸರಿಗೆ ಕಲ್ಲು ಹಾಕಿದ್ದಾರಾ?"

ಅವನು ಬಗ್ಗಿ ಮತ್ತೆ ಓದಿದ. ಆಮೇಲೆ ಹೇಳಿದ. ಆರ್ಥರ್ ಬ್ರಿಮ್ಲಿ, ಪಕ್ಕದಲ್ಲಿ ಅವರ ಹೆಂಡತಿ ಎಡಿತ್. ಅವರು ಸತ್ತ ಇಸವಿ ಹೇಳಿದ. ನನಗೆ ಇಸವಿ ತಲೆಗೆ ಹೋಗುವುದಿಲ್ಲ.

"ನಮ್ಮ ಲೆಕ್ಕದಲ್ಲಿ ಹೇಳು."

"ನಮ್ಮ ಮದುವೆ ಆದ ವರ್ಷ ಅತ್ತೆ. ಮದುವೆ ಕಳೆದ ಮೇಲೆ."

ನಾನು ಪಕ್ಕದ ಕಲ್ಲಿನ ಮೇಲೆ ಕೂತೆ. ಅದೂ ಯಾರದೋ ಗೋರಿ, ಕೂರಬಾರದು. ವಾರಿಜಳ ಮದುವೆಯ ಮೊದಲಿನ ಆಟಿಯಲ್ಲಿ ನಾನು ಮೂಲೆಯ ಎಲೆಗೆ ಹುಳಿ ಖಾರದ ಬಂಗುಡೆ ಪುಳಿಮುಂಚಿ ಬಡಿಸಿ, ಮೊಮ್ಮಗಳ ಮದುವೆ, ವಿಘ್ನ ಬಾರದ ಹಾಗೆ ನೋಡಿ ಎಂದು ಕೈಮುಗಿದಿದ್ದೆ. ಬಾಗಿಲು ಹಾಕಿ ಹೊರಗೆ ಕೂತಿದ್ದೆ. ಅವರು ಉಂಡು ಹೋಗಲಿ ಎಂದು, ಕೆಮ್ಮುವ ಮೊದಲು ಸ್ವಲ್ಪ ಹೆಚ್ಚೇ ಕಾದಿದ್ದೆ. ಆಗ ಅವರು ಇಲ್ಲಿ ಕುರ್ಚಿಯಲ್ಲಿ ಕೂತು ಚಾ ಕುಡಿಯುತ್ತಿದ್ದರು.

ನಮ್ಮ ಕೇರಿಯಲ್ಲಿ ಹೆಂಗಸರು ಜಗಳ ಆಡುವಾಗ ಎಲ್ಲ ಬೈಗುಳ ಮುಗಿದ ಮೇಲೆ ಕೊನೆಗೆ ಒಂದು ಉಂಟು: ನಿನಗೆ ಎಲೆ ಹಾಕುತ್ತೇನೆ. ಅದಕ್ಕಿಂತ ದೊಡ್ಡದು ಇಲ್ಲ. ಬದುಕಿದ್ದವರಿಗೆ ಎಲೆ ಹಾಕುವುದು ಎಂದರೆ ಸಾಯಿ ಎಂದು ಹೇಳಿದ ಹಾಗೆ. ನನ್ನ ಅಮ್ಮ ಅದನ್ನು ಪ್ರೀತಿಯಿಂದ, ಮಿಂದು, ಮಡಿಸೀರೆ ಉಟ್ಟು, ಬದುಕಿದಷ್ಟು ಕಾಲ ಮಾಡಿದಳು. ಅವಳೇ ಮೊದಲು ಹೋದಳು. ಅವರು ಗಟ್ಟಿಯಾಗಿದ್ದರು.

"ಅತ್ತೆ, ವಾಪಸು ಹೋಗುವಾ" ಎಂದ ಆನಂದ.

"ಅವಳನ್ನು ನೋಡದೆ ಹೇಗೆ ಹೋಗುವುದು? ನಡಿ."

ಮಿಸ್ ಎಲೆನ್ ಮನೆ

ಮಿಸ್ ಎಲೆನ್ ಸಪೂರ, ಎತ್ತರ, ನನಗಿಂತ ಸ್ವಲ್ಪ ಸಣ್ಣ ಪ್ರಾಯ ಇರಬಹುದು. ಒಬ್ಬಳೇ. ಒಂದು ನಾಯಿ. ನಮ್ಮೊಡನೆ ಒಂದು ಮಾತಾಡಿದರೆ ನಾಯಿಯೊಡನೆ ಎರಡು. ಬಾಗಿಲಲ್ಲಿ ನಿಲ್ಲಿಸಿ ಯಾರು ಎಂದು ಕೇಳಿದಳು. ನಾನು ಹೇಳಬೇಕಾದ್ದನ್ನು ಸರಿಯಾಗಿ ಹೇಳಿದೆ: ನಾನು ನಿನ್ನ ಮಾವ ಆರ್ಥರ್ ಬ್ರಿಮ್ಲಿಯ ಮಗಳು, ಕಾಪುವಿನ ಅಕ್ಕುವಿಗೆ ಹುಟ್ಟಿದವಳು, ಮಾತಾಡಲು ಬಂದಿದ್ದೇನೆ. ಆನಂದ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ನನ್ನ ಮಾತು ಮೊಳ ಉದ್ದ ಇತ್ತು, ಅವನದ್ದು ಗೇಣು ಬಂತು. ಅವಳು ನಕ್ಕು ಒಳಗೆ ಕರೆದಳು. ಮಗಳು ಎಂದು ಕೇಳಿದವಳು ಹಾಗೆ ನಗುವುದಿಲ್ಲ.

"ನೀನು ಎಂತ ಹೇಳಿದಿ?"

"ದೊರೆಯ ಕೈಕೆಳಗೆ ಕೆಲಸ ಮಾಡಿದವರ ಮನೆಯವರು ಎಂದೆ. ಅತ್ತೆ, ಇವರಲ್ಲಿ ಅದನ್ನೆಲ್ಲ ಬಾಗಿಲಲ್ಲಿ ನಿಂತು ಹೇಳುವ ಕ್ರಮ ಇಲ್ಲ."

"ಹುಟ್ಟಿಸುವ ಕ್ರಮ ಉಂಟು, ಹೇಳುವ ಕ್ರಮ ಇಲ್ಲವಾ?"

ಅವನ ಕಿವಿ ಕೆಂಪಾಯಿತು. ನಾನು ಒಳಗೆ ಹೋಗಿ ಕೂತೆ. ಮೊದಲು ಕೇಳುವುದನ್ನು ಕೇಳುವಾ ಎಂದು.

ಅವಳು ಹೇಳಿದ್ದು ಇಷ್ಟು. ಮಾವ ಇಂಡಿಯಾದಿಂದ ಬಂದವರು ಮತ್ತೆ ಎಲ್ಲಿಗೂ ಹೋಗಲಿಲ್ಲ. ಎಡಿತ್ ಇದೇ ಊರಿನವಳು. ಇಬ್ಬರು ಗಂಡುಮಕ್ಕಳು, ಇಬ್ಬರೂ ಕೆನಡಾಕ್ಕೆ ಹೋದರು. ಎಡಿತ್ ಸತ್ತ ಮೇಲೆ ಮಾವ ಇವಳ ಮನೆಗೆ ಬಂದರು. ಆ ಕಿಟಕಿಯ ಹತ್ತಿರದ ಕುರ್ಚಿ ಅವರದು. ಅದರ ಮೇಲೆ ಈಗ ನಾಯಿ ಮಲಗಿತ್ತು.

"ಇಂಡಿಯಾದ ವಿಷಯ ಎಂತ ಹೇಳುತ್ತಿದ್ದರು ಎಂದು ಕೇಳು."

ಆನಂದ ಕೇಳಿದ. ಮಿಸ್ ಎಲೆನ್ ಒಂದೇ ಮಾತು ಹೇಳಿದಳು.

"ಸೆಕೆ ಎನ್ನುತ್ತಿದ್ದರಂತೆ" ಎಂದ ಆನಂದ.

"ಮತ್ತೆ?"

"ಅಷ್ಟೇ ಅತ್ತೆ. ಬಹಳ ಸೆಕೆ ಎಂದು."

ನಾನು ಚಾ ಕುಡಿದೆ. ಹಾಲು ಹೆಚ್ಚು, ಸಕ್ಕರೆ ಇಲ್ಲ. ಅವಳಿಗೆ ಮತ್ತೊಂದು ನೆನಪಾಯಿತು. ಇಂಡಿಯಾದಿಂದ ಬಂದ ಮೇಲೆ ಮಾವ ಮೀನು ಮುಟ್ಟಲಿಲ್ಲ. ಮನೆಯಲ್ಲಿ ಬೇಯಿಸಲೂ ಬಿಡಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ. ಇದನ್ನು ಹೇಳುವಾಗ ಆನಂದ ನನ್ನ ಮುಖ ನೋಡಿದ, ನನಗೆ ಸಮಾಧಾನ ಆಗುತ್ತದೆ ಎಂದು ತಿಳಿದನೋ ಏನೋ. ನಾನು ಆಯುಸ್ಸು ಪೂರ್ತಿ ಮೀನು ಮಾರಿದವಳು. ಮೀನು ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಹೊಟ್ಟೆ ಕೆಟ್ಟು ಬಿಟ್ಟವರೇ ಹೆಚ್ಚು.

ಮಾತಾಡುತ್ತ ಕೊನೆಯ ಬಸ್ಸು ಹೋಯಿತು. ಮಿಸ್ ಎಲೆನ್ ಅದಕ್ಕೆ ತಾನೇ ತಪ್ಪು ಮಾಡಿದ ಹಾಗೆ ಕ್ಷಮೆ ಕೇಳಿ, ಉಳಿಯಿರಿ ಎಂದಳು. ಆಲೂಗಡ್ಡೆ ಬೇಯಿಸಿದಳು. ಮೂವರು ಮೇಜಿಗೆ ಕೂತೆವು. ಅವಳು ಆಲೂಗಡ್ಡೆಯನ್ನು ಸಮ ತುಂಡು ಮಾಡಿ ತಿನ್ನುತ್ತಿದ್ದಳು, ಶಬ್ದ ಇಲ್ಲದೆ. ಇಷ್ಟು ಶಬ್ದ ಇಲ್ಲದ ಊಟವನ್ನು ನಾನು ನೋಡಿದ್ದಿಲ್ಲ. ನಾನು ಚಮಚ ಕೆಳಗಿಟ್ಟೆ.

"ಈಗ ಹೇಳು. ಪೂರ್ತಿ ಹೇಳು. ನಾನು ಯಾರು ಎಂದು, ಅಮ್ಮ ಯಾರು ಎಂದು, ಎಲೆಯ ವಿಷಯ, ಎಲ್ಲ. ಕಡಿಮೆ ಮಾಡಿದರೆ ನನಗೆ ಗೊತ್ತಾಗುತ್ತದೆ."

ಆನಂದ ತಟ್ಟೆ ನೋಡುತ್ತ ಹೇಳಿದ. ಈ ಸಲ ಉದ್ದ ಬಂತು. ಮಿಸ್ ಎಲೆನ್ ಕೈ ನಿಂತಿತು. ಅವಳು ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ನನ್ನ ಮುಖವನ್ನು ನೋಡಿದಳು, ಮಾರ್ಕೆಟಿನಲ್ಲಿ ಮೀನಿನ ಕಿವಿರು ಎತ್ತಿ ನೋಡುವ ಹಾಗೆ, ಮರ್ಯಾದೆ ಗಿರ್ಯಾದೆ ಇಲ್ಲದೆ. ಆಮೇಲೆ ಒಂದು ಪ್ರಶ್ನೆ ಕೇಳಿದಳು.

"ಅವರು ಬದುಕಿದ್ದದ್ದು ನಿಮ್ಮ ಅಮ್ಮನಿಗೆ ಗೊತ್ತಿತ್ತಾ ಎಂದು ಕೇಳುತ್ತಾರೆ."

"ಗೊತ್ತಿರಲಿಲ್ಲ."

"ಒಳ್ಳೆಯದೇ ಆಯಿತು ಎನ್ನುತ್ತಾರೆ."

ನನಗೆ ಅವಳ ಮಾತು ಹಿಡಿಸಿತು. ಅಯ್ಯೋ ಪಾಪ ಎಂದಿದ್ದರೆ ನಾನು ಅಲ್ಲಿ ಕೂರುತ್ತಿರಲಿಲ್ಲ.

"ಹಾಗಾದರೆ ಎಲೆಯ ವಿಷಯ ಕೇಳು. ಅವಳು ತಂಗಿಯ ಮಗಳು. ಅವಳ ಮನೆಯ ಗಂಡಸು. ಇನ್ನು ಮೇಲೆ ಅವಳು ಹಾಕುತ್ತಾಳಾ? ಅವಳ ನಂತರ ಯಾರುಂಟು?"

ಅವಳ ನಂತರ ಯಾರೂ ಇಲ್ಲ. ಅಕ್ಕತಂಗಿ ಇಲ್ಲ, ಮದುವೆ ಆಗಲಿಲ್ಲ. ಕೆನಡಾದಲ್ಲಿ ಮಾವನ ಗಂಡುಮಕ್ಕಳು ಇದ್ದಾರಲ್ಲ ಎಂದಳು. ಗಂಡುಮಕ್ಕಳು ನಮ್ಮಲ್ಲಿ ಲೆಕ್ಕಕ್ಕೆ ಇಲ್ಲ ಎಂದು ಹೇಳಿಸಿದೆ. ಅಪ್ಪನ ಮನೆಗೆ ಮಕ್ಕಳು ಯಾರೂ ಲೆಕ್ಕಕ್ಕೆ ಇಲ್ಲ. ಹೇಳಿದ ಮೇಲೆ ನನಗೇ ಕೇಳಿಸಿತು. ನಾನೂ ಮಗಳೇ. ಆ ಮೇಜಿನಲ್ಲಿ ಲೆಕ್ಕಕ್ಕೆ ಇದ್ದವಳು ಅವಳೊಬ್ಬಳೇ.

ಮಿಸ್ ಎಲೆನ್ ಕುರ್ಚಿಯಲ್ಲಿದ್ದ ನಾಯಿಯನ್ನು ನೋಡುತ್ತ ನಿಧಾನವಾಗಿ ಮಾತಾಡಿದಳು. ಆನಂದ ಒಂದೊಂದೇ ಹೇಳಿದ.

"ಹಾಕುವುದಿಲ್ಲ ಎನ್ನುತ್ತಾರೆ ಅತ್ತೆ. ಬದುಕಿದ್ದಾಗ ಕೊನೆಯವರೆಗೆ ಬೇಯಿಸಿ ಹಾಕಿದವಳು ನಾನು. ಉಪ್ಪು ಕಡಿಮೆ, ಬಿಸಿ ಕಡಿಮೆ, ಒಂದು ದಿನ ಚೆನ್ನಾಗಿತ್ತು ಎನ್ನಲಿಲ್ಲ. ನನ್ನದು ಸಾಕು ಎನ್ನುತ್ತಾರೆ."

ಎಷ್ಟೋ ವರ್ಷ ಅವರು ಎರಡು ಕಡೆ ಉಂಡಿದ್ದಾರೆ, ಇಲ್ಲಿ ಇವಳದ್ದು, ಅಲ್ಲಿ ನಮ್ಮದು. ಎರಡು ಕಡೆಯೂ ಒಳ್ಳೆಯ ಮಾತು ಹೇಳಲಿಲ್ಲ. ಇದನ್ನು ಆನಂದನ ಬಾಯಲ್ಲಿ ಹೇಳಿಸಿದೆ. ಮಿಸ್ ಎಲೆನ್ ನಕ್ಕಳು. ಸ್ವಲ್ಪ ನಕ್ಕು, ಕರವಸ್ತ್ರ ತೆಗೆದು ಮೂಗು ಒರೆಸಿದಳು. ಆಮೇಲೆ ತಟ್ಟೆಗಳನ್ನು ಎತ್ತಿದಳು. ನಾನು ಒರೆಸಿದೆ, ಅವಳು ತೊಳೆದಳು.

ಮಲಗುವಾಗ ನನಗೆ ಒಂದು ಕೋಣೆ ಕೊಟ್ಟಳು. ಹೊದಿಕೆಯ ಒಳಗೆ ಕಾಲು ಹಾಕಿದರೆ ಬೆಚ್ಚಗೆ, ಮೆತ್ತಗೆ ಏನೋ ಇತ್ತು. ಬೆಕ್ಕು ಎಂದು ಒದ್ದೆ. ಅದು ನೆಲಕ್ಕೆ ಬಿದ್ದು ನೀರು ಚೆಲ್ಲಿತು. ರಬ್ಬರಿನ ಚೀಲದಲ್ಲಿ ಬಿಸಿನೀರು ತುಂಬಿ ಇಟ್ಟಿದ್ದಳು, ನನಗೆ ಚಳಿ ಆಗಬಾರದು ಎಂದು. ಸೀರೆಯ ಸೆರಗಿನಿಂದ ನೆಲ ಒರೆಸಿದೆ. ಅವಳನ್ನು ಕರೆಯಲಿಲ್ಲ.

ಮರುದಿನ

ಬೆಳಿಗ್ಗೆ ಆನಂದ ಏಳುವ ಮೊದಲು ಎದ್ದೆ. ಮಿಸ್ ಎಲೆನ್ ಅಡಿಗೆಮನೆಯಲ್ಲಿ ನಿಂತಿದ್ದಳು. ನಾನು ಗೋರಿಗಳ ಕಡೆ ಕೈ ತೋರಿಸಿದೆ. ಅವಳು ತನ್ನ ಕೋಟು ತೆಗೆದು ನನಗೆ ಹಾಕಿದಳು, ಜೊತೆಗೆ ಬರಲಿಲ್ಲ. ಕೋಟು ಉದ್ದ, ಸೀರೆಯ ಅಂಚು ಮಾತ್ರ ಇಬ್ಬನಿಯಲ್ಲಿ ಒದ್ದೆಯಾಯಿತು.

ಕಲ್ಲಿನ ಮುಂದೆ ನಿಂತೆ. ಕೈಮುಗಿಯಲಿಲ್ಲ. ಗಟ್ಟಿಯಾಗಿ, ತುಳುವಿನಲ್ಲಿ ಹೇಳಿದೆ. ಕೇಳಲು ಅಲ್ಲಿ ಯಾರೂ ಇರಲಿಲ್ಲ.

"ನಾನು ಸೀತು. ನಿಮ್ಮ ಮಗಳು. ಅಕ್ಕು ತೀರಿಹೋಗಿ ಬಹಳ ಕಾಲವಾಯಿತು, ನಿಮಗೆ ಯಾರೂ ತಿಳಿಸಿರಲಿಕ್ಕಿಲ್ಲ. ಅವಳಿಗೆ ನೀವು ಸತ್ತದ್ದು ಗೊತ್ತಿತ್ತು, ಬದುಕಿದ್ದದ್ದು ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಇನ್ನು ನಿಮಗೆ ಎಲೆ ಇಲ್ಲ. ತಂಗಿಯ ಮಗಳೂ ಹಾಕುವುದಿಲ್ಲ ಎಂದಿದ್ದಾಳೆ. ಬರುವ ಆಟಿಯಲ್ಲಿ ಕಾಪುವಿನ ಕಡೆ ಬರಬೇಡಿ, ದೂರ ಆಗುತ್ತದೆ. ಹಸಿವೆ ಆದರೆ ಪಕ್ಕದಲ್ಲಿ ಎಡಿತ್ ಇದ್ದಾಳೆ, ಅವಳ ಹತ್ತಿರ ಕೇಳಿ."

ಅಷ್ಟು ಹೇಳಿ, ಮಿಸ್ ಎಲೆನ್‌ಗೆ ಕೋಟು ಹಿಂದೆ ಕೊಟ್ಟು, ಆನಂದ ಹಿಂದಿನಿಂದ ಬರಲಿ ಎಂದು ನಾನು ಮೊದಲೇ ಬಸ್ಸು ನಿಲ್ಲುವ ಕಂಬದ ಹತ್ತಿರ ಹೋದೆ. ಆ ದೇಶದಲ್ಲಿ ಬಸ್ಸಿಗೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಲ್ಲಬೇಕು, ಸಾಲು ತಪ್ಪಬಾರದು. ಆ ಬೆಳಿಗ್ಗೆ ಸಾಲಿನಲ್ಲಿ ನಾನೊಬ್ಬಳೇ ಇದ್ದೆ. ಆದರೂ ಕಂಬಕ್ಕೆ ತಾಗಿ, ನೇರವಾಗಿ ನಿಂತೆ.